ಖಾಲಿ ಗಾಡಿಯ ತೂಕ

ಪುಣೆಯ ಹತ್ತಿರದ ಚಾಕಣದಲ್ಲಿ ಲಾರಿ ಓಡಿಸುವ ಯಾರನ್ನಾದರೂ ಕೇಳಿ ನೋಡಿ, ಶಿವಪುತ್ರಪ್ಪನ ಹೆಸರು ಎತ್ತಿದ ಕೂಡಲೇ ಮೊದಲು ಒಂದು ಬೈಗುಳ ಬರುತ್ತದೆ, ಆಮೇಲೆ ಒಂದು ನಗು. ಫ್ಯಾಕ್ಟರಿಗಳ ಸಾಲು ಮುಗಿದು ಹಳೇ ಕಬ್ಬಿಣದ ಗುಜರಿ ಗೋದಾಮುಗಳು ಶುರುವಾಗುವ ತಿರುವಿನಲ್ಲಿ ಲಾರಿ ತೂಗುವ ಒಂದು ವಜನಕಾಟಾ ಇದೆ. ನೆಲಕ್ಕೆ ಸಮನಾಗಿ ಹಾಸಿದ, ಇಡೀ ಲಾರಿ ಹತ್ತಿ ನಿಲ್ಲುವಂಥ ಕಬ್ಬಿಣದ ಹಲಗೆ. ಪಕ್ಕದಲ್ಲಿ ತಗಡಿನ ಕೋಣೆ. ಕೋಣೆಯ ಕಿಟಕಿಯಲ್ಲಿ ಶಿವಪುತ್ರಪ್ಪ. ಇಪ್ಪತ್ತಾರು ವರ್ಷಗಳಿಂದ ಅದೇ ಕಿಟಕಿ, ಅದೇ ಮುಖ.

ಅವನ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ತುಂಬಿದ ಗಾಡಿ ತೂಗು, ಖಾಲಿ ಗಾಡಿ ತೂಗು, ಅದರಲ್ಲಿ ಇದನ್ನು ಕಳೆ, ಉಳಿದದ್ದು ಮಾಲು. ಎಲ್ಲ ಲಾರಿಗಳ ಬಾಗಿಲ ಮೇಲೂ ಖಾಲಿ ಗಾಡಿಯ ತೂಕವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಬೇರೆ ಕಾಟಾಗಳಲ್ಲಿ ಅದನ್ನೇ ನಂಬಿ ಚೀಟಿ ಹರಿದು ಕೊಡುತ್ತಾರೆ. ಶಿವಪುತ್ರಪ್ಪ ಒಮ್ಮೆಯೂ ನಂಬಿದವನಲ್ಲ.

"ಕಾಕಾ, ಬಾಗಲಾ ಮ್ಯಾಲ ಬರದೈತಲ್ರಿ, ಅದನ್ನ ಹಚ್ಚಿ ಬಿಡ್ರಿ. ಖಾಲಿ ಮಾಡ್ಕೊಂಡ್ ಮತ್ತ ಯಾಂವ ತಿರುಗಿ ಬರ್ತಾನು?" ಎಂದು ಗೋಗರೆಯುವುದು ಟೆಂಪೋ ಓಡಿಸುವ ಅವಧೂತನ ದಿನದ ಪಾಡು. ನಿಪ್ಪಾಣಿ ಕಡೆಯವನು, ಮೂವತ್ತು ದಾಟಿದವನು, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿಲ್ಲ.

"ಬಾಗಲಾ ಮ್ಯಾಲ ಯಾವಾಗ ಬರಸೀದಿ?"

"ಗಾಡಿ ತಗೊಂಡಾಗ್ರಿ."

"ಅವಾಗಿಂದ ಟಾಯರ್ ಬದ್ಲಿ ಮಾಡಿಲ್ಲ? ಹಿಂದ ಕಬ್ಬಿಣದ ಜಾಳಗಿ ಕೂಡ್ಸಿಲ್ಲ? ನಿನ್ನ ಹೊಟ್ಟಿ ಬೆಳದಿಲ್ಲ? ಖಾಲಿ ಮಾಡ್ಕೊಂಡ್ ಬಾ ಹೋಗು. ಮತ್ತ ತೂಗತೀನಿ."

"ನೀವು ಸತ್ತ ಮ್ಯಾಲ ಯಮನ ಹಂತ್ಯಾಕೂ ಹಿಂಗs ಜಗಳಾ ಮಾಡ್ತೀರಿ ಕಾಕಾ."

"ಅವನ ಕಾಟಾ ಸರಿ ಇದ್ರ ಯಾಕ ಮಾಡ್ಲಿ?"

ಅಂಥ ಮನುಷ್ಯ. ಸವದತ್ತಿ ತಾಲೂಕಿನ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಸ್ಸು ಹತ್ತಿ ಕಾತ್ರಜದಲ್ಲಿ ಇಳಿದಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತ ಬೆನ್ನ ಮೇಲೆ ಚೀಲ ಬಿದ್ದೊಡನೆ ಕಿಲೋ ಹೇಳುವುದನ್ನು ಕಲಿತ. ಆಮೇಲೆ ಈ ಕಿಟಕಿ. ಕಾಟಾದಿಂದ ಹತ್ತು ನಿಮಿಷದ ದಾರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ಕಾಶವ್ವ. ಅವಳು ಅವನ ಹೆಂಡತಿ, ಅವನ ಮಾತಿಗೆ ಎದುರುಮಾತು ಆಡುವ ಏಕೈಕ ವ್ಯಕ್ತಿ.

ಮಕ್ಕಳಿಲ್ಲ. ಒಂದಿತ್ತು. ಮದುವೆಯಾದ ಮೂರನೇ ವರ್ಷ ಹುಟ್ಟಿದ ಗಂಡುಮಗು, ಒಂದೂಮುಕ್ಕಾಲು ಕಿಲೋ. ವಾರಕ್ಕೊಮ್ಮೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ತೂಗಿಸುತ್ತಿದ್ದರು. ನರ್ಸು ಮಗುವನ್ನು ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದ ಮೇಲೆ, ಮುಳ್ಳು ಅಲುಗಾಡಿ ಅಲುಗಾಡಿ ನಿಲ್ಲುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆರು ವಾರ ಮುಳ್ಳು ಒಂದೇ ಕಡೆ ನಿಂತಿತು. ಏಳನೇ ವಾರ ಎತ್ತಿಕೊಂಡು ಹೋಗುವ ಕೆಲಸ ಉಳಿಯಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಮುಳ್ಳು ಏರದೆ ನಿಲ್ಲುವುದೆಂದರೆ ಏನು ಎಂಬುದು ಶಿವಪುತ್ರಪ್ಪನ ಹೊಟ್ಟೆಯೊಳಗೆ ಹೂತು ಕೂತಿದೆ.

ಅವನದೊಂದು ಪದ್ಧತಿಯಿತ್ತು. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಯ ದಿನ ಕಾಟಾ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದಾದ ಮೇಲೆ ಮೊದಲ ತೂಕ ತನ್ನದೇ. ಕೋಣೆಯ ಪಕ್ಕದಲ್ಲಿ ಗುಜರಿ ಚೀಲ ತೂಗಲು ಒಂದು ಸಣ್ಣ ಕಾಟಾ ಇತ್ತು, ಎರಡೂವರೆ ಅಡಿ ಚೌಕದ್ದು. ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲುತ್ತಿದ್ದ. ಎಪ್ಪತ್ತೊಂದು. ಇಪ್ಪತ್ತು ವರ್ಷದಿಂದ ಎಪ್ಪತ್ತೊಂದು, ಅರ್ಧ ಕಿಲೋ ಆಚೆ ಇಲ್ಲ ಈಚೆ ಇಲ್ಲ. "ಕಾಟಾ ಕೆಟ್ರೂ ನಾ ಕೆಡೂದಿಲ್ಲ," ಎಂದು ಡ್ರೈವರುಗಳ ಎದುರು ಜಂಬ ಕೊಚ್ಚುತ್ತಿದ್ದ.

ಆ ವರ್ಷದ ಖಂಡೇನವಮಿಗೂ ಎಪ್ಪತ್ತೊಂದೇ ಬಂದಿತ್ತು. ಅದಾಗಿ ತಿಂಗಳೊಪ್ಪತ್ತಿಗೆ ನಾಯಿ ಬಂತು.

ಬಂತು ಎನ್ನುವುದಕ್ಕಿಂತ ಬಿಟ್ಟುಹೋದರು ಎನ್ನಬೇಕು. ನವೆಂಬರಿನ ಒಂದು ಬೆಳಿಗ್ಗೆ ಶಿವಪುತ್ರಪ್ಪ ಬೀಗ ತೆಗೆಯಲು ಬಂದರೆ ಕಾಟಾದ ಕಂಬಕ್ಕೆ ಕರುವಿನಷ್ಟು ಎತ್ತರದ ಬೂದುಬಣ್ಣದ ಪ್ರಾಣಿಯೊಂದನ್ನು ಕಟ್ಟಿದ್ದರು. ಕೊರಳಲ್ಲಿ ದುಬಾರಿ ಚರ್ಮದ ಪಟ್ಟಿ, ಎದುರಿಗೆ ಖಾಲಿ ಸ್ಟೀಲಿನ ಬೋಗುಣಿ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಸೊಂಟದ ಎರಡು ಎಲುಬು ಚರ್ಮ ಹರಿದು ಹೊರಗೆ ಬರುವಂತಿದ್ದವು. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ; ನಿಂತಲ್ಲೇ ನಡುಗಿತು.

ಮನೆಗೆ ಕರೆದುಕೊಂಡು ಹೋದ. ಕಾಶವ್ವ ಬಾಗಿಲಲ್ಲೇ ತಡೆದಳು.

"ಇದೇನ್ರಿ, ನಾಯಿ ಅಂತ ಹೇಳಿ ನಿಚ್ಚಣಿಕಿ ತಂದೀರಿ!"

"ನಿಚ್ಚಣಿಕಿ ಅಲ್ಲ, ಇನ್ನಾ ಕೂಸೈತಿ. ಹಲ್ಲು ನೋಡು."

"ಕೂಸು! ಇದು ಕೂಸಾದ್ರ ಇವರವ್ವ ಎಷ್ಟಿರಬೇಕು? ಬಾಗಲದಾಗ ಹಾಯ್ತಾಳೇನು?" ಎಂದಳು. ಅಷ್ಟರಲ್ಲಿ ನಾಯಿ ಅವಳ ಸೆರಗಿನ ಹಿಟ್ಟು ಮೂಸಿ ನೆಕ್ಕಿತು. ಕಾಶವ್ವ ಸೆರಗು ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅದರ ಪಕ್ಕೆಲುಬುಗಳನ್ನೇ ನೋಡುತ್ತ ನಿಂತು, ಒಳಗೆ ಹೋಗಿ ರೊಟ್ಟಿಯ ಬುಟ್ಟಿ ತಂದಳು.

ಸರದಾರ ಎಂದು ಹೆಸರಿಟ್ಟವನು ಅವಧೂತ. "ಮೈಯಾಗ ಮಾಂಸಿಲ್ಲ, ಠೀವಿ ನೋಡ್ರಿ!" ಎಂದ. ಅವನದೇ ಟೆಂಪೋದಲ್ಲಿ ನಾಯಿಯನ್ನು ಹಾಕಿಕೊಂಡು ಭೋಸರಿಯ ಪಶುವೈದ್ಯೆ ಶರ್ವರಿಯ ಕ್ಲಿನಿಕ್ಕಿಗೆ ಮೂವರೂ ಹೋದರು. ಶರ್ವರಿ ಪುಣೆಯಲ್ಲೇ ಹುಟ್ಟಿ ಬೆಳೆದವಳು, ಅಜ್ಜಿ ಧಾರವಾಡದವಳು. ಇವರ ಮಾತು ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದಳು.

"ಇದು ಗ್ರೇಟ್ ಡೇನ್ ಕಾಕಾ. ಆರೇಳು ತಿಂಗಳದ್ದು. ಇಪ್ಪತ್ತಾರು ಕಿಲೋ ಅದ. ಇದರ ವಯಸ್ಸಿನ ನಾಯಿ ನಲವತ್ತರ ಹಂತ್ಯಾಕ ಇರಬೇಕು."

"ಹದಿನೈದ ದಿನದಾಗ ನಲವತ್ತ ಮಾಡತೀನ್ರಿ," ಎಂದಳು ಕಾಶವ್ವ.

"ಅಯ್ಯ, ಹಾಂಗ ಮಾಡಬ್ಯಾಡ್ರಿ ಕಾಕು!" ಶರ್ವರಿ ಗಾಬರಿಯಾದಳು. "ಇಂಥಾ ದೊಡ್ಡ ಜಾತಿ ನಾಯಿ ಎಲುಬು ಎರಡು ವರ್ಷ ಬೆಳೀತಾವ. ಈಗ ಇವನ ಎಲುಬು ಹಸೀ ಕಡ್ಡಿ ಇದ್ದಂಗ. ಮಾಂಸ ಮುಂದ ಓಡಿ, ಎಲುಬು ಹಿಂದ ಉಳೀತಂದ್ರ ಕಾಲು ಬಾಗತಾವ. ಬಾಗಿದ್ದು ತಿರುಗಿ ನೆಟ್ಟಗ ಆಗೂದು ಭಾಳ ಕಠಿಣ. ವಾರಕ್ಕ ಒಂದೂಕಾಲು ಕಿಲೋ, ಅದಕ್ಕಿಂತ ಹೆಚ್ಚು ಬ್ಯಾಡ. ಹಾಲು ಬ್ಯಾಡ, ಕ್ಯಾಲ್ಸಿಯಂ ಪುಡಿ ಬ್ಯಾಡ. ನಾ ಹೇಳಿದ ಆಹಾರ, ದಿನಕ್ಕ ಮೂರು ಸಲ, ಅಳತಿ ಮಾಡಿ. ಪ್ರತಿ ರವಿವಾರ ತೂಕ ಮಾಡಿ, ಒಂದು ಫೋಟೋನೂ ತಗದು ನನಗ ಕಳಸ್ರಿ. ಆ ತೂಕ ನೋಡಿ ಮುಂದಿನ ವಾರದ ಅಳತಿ ಹೇಳ್ತೀನಿ. ಮನೀ ಹತ್ರ ಎಲ್ಲಾದ್ರೂ ಕಾಟಾ ಅದ ಏನು?"

ಅವಧೂತ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಾಕ್ಟರ್ರ, ನೀವು ಯಾರಿಗೆ ಏನ್ ಕೇಳಾಕತ್ತೀರಿ!"

ಹಾಗೆ ಶುರುವಾಯಿತು. ಲಾರಿಗಳಿಲ್ಲದ ರವಿವಾರ ಬೆಳಿಗ್ಗೆ ಕಾಟಾದ ಅಂಗಳದಲ್ಲಿ ತೂಕ. ದೊಡ್ಡ ಕಾಟಾ ಹತ್ತು ಕಿಲೋದ ಲೆಕ್ಕದಲ್ಲೇ ಏರಿಳಿಯುವುದು, ಅದರಲ್ಲಿ ನಾಯಿಯ ಒಂದೂಕಾಲು ಕಿಲೋ ಎಲ್ಲಿ ಕಾಣಬೇಕು? ಸಣ್ಣ ಕಾಟಾ ಸರಿ, ಆದರೆ ಸರದಾರನ ನಾಲ್ಕು ಕಾಲು ಅದರ ಮೇಲೆ ಹಿಡಿಸವು. ಹಿಡಿಸಿದರೂ ಕೆಳಗೆ ಅಲುಗಾಡುವ ತಗಡಿಗೆ ಹೆದರಿ ಜಿಗಿದು ಓಡುವುದು. ಶಿವಪುತ್ರಪ್ಪನೇ ಉಪಾಯ ಹೂಡಿದ. ತಾನು ಕಾಟಾ ಹತ್ತಿ ನಿಲ್ಲುವುದು, ಸರದಾರನ ಮುಂಗಾಲು ಎರಡನ್ನೂ ತನ್ನ ಹೆಗಲ ಮೇಲೆ ಹಾಕಿಕೊಳ್ಳುವುದು, ಹಿಂಗಾಲು ತನ್ನ ಪಾದಗಳ ನಡುವೆ. ಇಬ್ಬರೂ ಅಪ್ಪಿಕೊಂಡು ನಿಂತಾಗ ಅಂಕಿ ನಿಲ್ಲುತ್ತಿತ್ತು. ಅದರಲ್ಲಿ ಎಪ್ಪತ್ತೊಂದು ಕಳೆ. ಉಳಿದದ್ದು ಸರದಾರ.

ಮೊದಲ ರವಿವಾರ ತೊಂಬತ್ತೇಳು. ಕಳೆದರೆ ಇಪ್ಪತ್ತಾರು, ಕ್ಲಿನಿಕ್ಕಿನ ತೂಕಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲ. ಶಿವಪುತ್ರಪ್ಪ ಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ರವಿವಾರದ ಚೌಕದೊಳಗೆ ಬರೆದ. ಇಪ್ಪತ್ತೇಳು. ಇಪ್ಪತ್ತೆಂಟೂವರೆ. ಮೂವತ್ತು. ಡಿಸೆಂಬರ್ ತುಂಬ ಅಂಕಿಗಳು ಹೇಳಿದ ಮಾತು ಕೇಳಿದವು. ಸರದಾರ ಬಾಲ ಆಡಿಸಲು ಕಲಿತಿತು. ರವಿವಾರ ಯಾವುದೆಂದು ಅದಕ್ಕೆ ಹೇಗೆ ತಿಳಿಯುತ್ತಿತ್ತೋ, ಕಾಟಾದ ಬಳಿ ಬಂದೊಡನೆ ತಾನಾಗಿ ಎದ್ದುನಿಂತು ಮುಂಗಾಲು ಚಾಚುತ್ತಿತ್ತು. ಹೆಗಲಿಗೆ ಗದ್ದ ಒತ್ತಿ ಕಿವಿಯಲ್ಲಿ ಬಿಸಿ ಉಸಿರು ಬಿಡುತ್ತಿತ್ತು. ಮದುವೆಯಾದಾಗಿನಿಂದ ಗಂಡ ಯಾರನ್ನೂ ಹೀಗೆ ಅಪ್ಪಿಕೊಂಡು ನಿಂತದ್ದನ್ನು ತಾನು ಕಂಡಿಲ್ಲ ಎಂದು ಕಾಶವ್ವ ಅವಧೂತನ ಮುಂದೆ ಹಂಗಿಸಿದಳು.

ಜನವರಿಯ ನಡುವೆ ಅಂಕಿ ನಿಂತಿತು.

ಮೂವತ್ತೈದು. ಮರುವಾರವೂ ಮೂವತ್ತೈದು. ಅದರ ಮರುವಾರ ಮೂವತ್ತೈದೂವರೆ.

ಶಿವಪುತ್ರಪ್ಪ ಕಾಟಾದ ತಗಡು ಎತ್ತಿ ಕೆಳಗೆ ಗುಡಿಸಿದ. ಸರಕಾರಿ ಗುರುತಿನ ತೂಕದ ಬಟ್ಟು ಇಟ್ಟು ನೋಡಿದ, ಕಾಟಾ ಸರಿಯಿತ್ತು. ಮತ್ತೆ ತೂಗಿದ. ಮೂವತ್ತೈದೂವರೆಯೇ. ಆ ದಿನ ಮನೆಗೆ ಬಂದವನು ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದ.

"ಏನಾತ್ರಿ?"

"ಏರವಲ್ದು."

ಕಾಶವ್ವ ಯಾವುದು ಎಂದು ಕೇಳಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದು ಇದೇ ಗೋಡೆಗೆ ಒರಗಿ ಇದೇ ಮಾತನ್ನು ಅವನು ಆಡಿದ್ದ.

ಶರ್ವರಿಗೆ ಫೋನು ಹೋಯಿತು. ಅವಳು ಜಂತಿನ ಔಷಧ ಬರೆದಳು, ಆಹಾರ ಕಾಲು ಭಾಗ ಏರಿಸಿದಳು. ಮುಂದಿನ ವಾರಗಳಲ್ಲಿ ಅಂಕಿ ತೆವಳಿತು, ಓಡಲಿಲ್ಲ. ಫೆಬ್ರುವರಿಯಲ್ಲಿ ಇನ್ನೂ ಕಾಲು ಭಾಗ ಏರಿಸಿದಳು.

"ಫೋಟೋದಾಗ ಛೊಲೋ ತುಂಬಿದ್ಹಂಗ ಕಾಣಸ್ತಾನಲ್ಲ ಕಾಕಾ?"

"ಫೋಟೋಕ್ಕ ತೂಗಾಕ ಬರೂದಿಲ್ರಿ ಡಾಕ್ಟರ್ರ."

"ಅದೂ ಖರೇನ. ತೂಕದ ವಿಷಯದಾಗ ನಿಮಗ ನಾ ಏನ್ ಹೇಳ್ಲಿ? ಆದ್ರೂ ಒಮ್ಮೆ ಕರಕೊಂಡ್ ಬರ್ರಿ, ಕೈಯಾಡಿಸಿ ನೋಡ್ತೀನಿ."

ಬರುತ್ತೇನೆಂದ, ಹೋಗಲಿಲ್ಲ. ಮಾರ್ಚ್ ಬಂತು. ವರ್ಷದ ಮಾಲು ಮುಗಿಸಲು ಫ್ಯಾಕ್ಟರಿಗಳಿಂದ ಲಾರಿಗಳು ಸಾಲುಗಟ್ಟಿ ನಿಂತವು. ಕಿಟಕಿ ಬಿಟ್ಟು ಏಳುವ ಹಾಗಿರಲಿಲ್ಲ. ಅವಧೂತನಿಗೂ ಬಿಡುವಿರಲಿಲ್ಲ.

ಆ ದಿನಗಳಲ್ಲಿ ಕಾಶವ್ವ ಬೇರೆ ಒಂದು ಮಾತು ಹಿಡಿದುಕೊಂಡಿದ್ದಳು.

"ನಾಯಿದ್ ಬಿಡ್ರಿ, ನಿಮ್ಮ ಮಾರಿ ನೋಡ್ಕೊಂಡೀರೇನು? ಗಲ್ಲ ಒಳಗ ಹೋಗ್ಯಾವ."

"ಬಿಸಲು."

"ಒಂದ ಕೊಡ ನೀರು ಒಬ್ಬರs ಕುಡೀತೀರಿ."

"ಧೂಳು. ನೀ ಬಂದು ಆ ತಗಡಿನ ಖೋಲ್ಯಾಗ ಕೂಡು, ಗೊತ್ತಾಗ್ತದ."

"ನಾಕು ರೊಟ್ಟಿ ತಿಂತೀರಿ, ಮತ್ತ ಹಸಿವಿ ಅಂತೀರಿ. ತಿಂದದ್ದು ಎಲ್ಲಿ ಹೊಕ್ಕೈತಿ? ನಾಯಿ ತುಂಬ್ಕೊಳ್ಳಾಕತ್ತೈತಿ, ನೀವು ಕಡ್ಡಿ ಆಗಾಕತ್ತೀರಿ. ಹಾಡಾಹಗಲ ಕಣ್ಣಿಗೆ ಕಾಣಸ್ತೈತಿ!"

"ಕಣ್ಣಿಗೆ ತೂಗಾಕ ಬರ್ತಿದ್ರ ನನಗ ಯಾಕ ಪಗಾರ ಕೊಡ್ತಿದ್ರು? ಎಪ್ಪತ್ತೊಂದು ಕಿಲೋ ಅದೀನಿ. ಇಪ್ಪತ್ತು ವರ್ಷದಿಂದ ಅಷ್ಟs ಅದೀನಿ. ನಾಯಿ ಏರವಲ್ದು, ಅದನ್ನ ಹೇಳು."

ಪ್ಯಾಂಟು ಜಾರುತ್ತಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದ. ಚರ್ಮ ಹಿಗ್ಗಿದೆ ಎಂದ. ಹದಿನೈದು ದಿನ ಬಿಟ್ಟು ಇನ್ನೊಂದು ತೂತು. ಇಡೀ ಚಾಕಣದ ಡ್ರೈವರುಗಳಿಗೆ ಬಾಗಿಲ ಮೇಲಿನ ಅಂಕಿ ನಂಬಬೇಡಿ ಎಂದು ಇಪ್ಪತ್ತಾರು ವರ್ಷ ಪಾಠ ಹೇಳಿದವನು, ಪ್ರತಿ ರವಿವಾರ ನಾಯಿಯನ್ನು ಅಪ್ಪಿಕೊಂಡು ನಿಂತು, ಖಂಡೇನವಮಿಯಲ್ಲಿ ಬರೆದ ಅಂಕಿಯನ್ನು ಕಳೆಯುತ್ತಿದ್ದ. ಚಪ್ಪಲಿ ಬಿಟ್ಟು ಒಬ್ಬನೇ ಒಂದು ನಿಮಿಷ ಹತ್ತಿ ನಿಂತಿದ್ದರೆ ಸಾಕಿತ್ತು. ಅವನಿಗೆ ಅದು ಹೊಳೆಯಲೇ ಇಲ್ಲ. ಅಂಕಿ ಸಾಲದೆನಿಸಿದಾಗಲೆಲ್ಲ ಶರ್ವರಿ ಹೇಳಿದ ಅಳತೆಯ ಮೇಲೆ ತನ್ನ ಡಬ್ಬಿಯ ಒಂದು ರೊಟ್ಟಿಯನ್ನೂ ಮುರಿದು ಬೋಗುಣಿಗೆ ಹಾಕಿದ. ಸರದಾರ ಒಂದು ಚೂರೂ ಬಿಡದೆ ನೆಕ್ಕಿತು.

ಮಾರ್ಚ್ ಕೊನೆಗೆ ಸರದಾರ ಮೆಟ್ಟಿಲು ಹತ್ತುವಾಗ ಒಮ್ಮೆ ನಿಂತು ಯೋಚಿಸಲು ಶುರುಮಾಡಿತು. ಏಪ್ರಿಲಿನಲ್ಲಿ ಬಲ ಮುಂಗಾಲು ಊರುವಾಗ ಕುಂಟಿತು. ಮಲಗಿದಲ್ಲಿಂದ ಏಳಲು ಎರಡು ಸಲ ಪ್ರಯತ್ನ ಬೇಕಾಯಿತು. ಮುಂಗಾಲಿನ ಗೆಣ್ಣುಗಳು ದಪ್ಪಗಾಗಿ, ಪಾದಗಳು ಹೊರಕ್ಕೆ ತಿರುಗಿದ್ದವು. ಆದರೂ ಆ ರವಿವಾರ ತೂಕಕ್ಕೆಂದು ಹೋದಾಗ ಎದ್ದುನಿಂತು, ಹೆಗಲ ಮೇಲೆ ಕಾಲಿಟ್ಟು, ನೋವಿಗೆ ಸಣ್ಣಗೆ ಕುಂಯ್ ಎಂದಿತು. ಅಂಕಿ ನೂರಾ ಹದಿನೈದು. ಕಳೆದರೆ ನಲವತ್ನಾಲ್ಕು.

"ಮೈಯಾಗ ಶಕ್ತಿ ಇಲ್ಲ, ಅದಕ್ಕs ಕಾಲು ಹಿಡೀವಲ್ವು," ಎಂದ ಶಿವಪುತ್ರಪ್ಪ.

ಅವಧೂತ ಹಗ್ಗ ಹಿಡಿದು ನಿಂತಿದ್ದ. ಅಂದು ಅವನು ಹಾಸ್ಯ ಮಾಡಲಿಲ್ಲ. "ಕಾಕಾ, ಗಾಡಿ ತರ್ತೀನಿ. ಇವತ್ತs ಹೋಗೂಣು," ಎಂದ.

ಕಾಶವ್ವನೂ ಜೊತೆಗೆ ಹೊರಟಳು. ಭೋಸರಿಯ ಕ್ಲಿನಿಕ್ಕಿನಲ್ಲಿ ನೆಲಕ್ಕೇ ಇಟ್ಟ ಅಗಲದ ಕಾಟಾ. ಸರದಾರ ತಲೆ ತಗ್ಗಿಸಿ ನಾಲ್ಕೂ ಕಾಲಿಟ್ಟು ನಿಂತಿತು. ಶರ್ವರಿ ಅಂಕಿ ನೋಡಿದಳು, ನಾಯಿ ನೋಡಿದಳು, ತನ್ನ ಫೋನು ತೆರೆದು ನೋಡಿದಳು.

"ಕಾಕಾ, ಬೆಳಿಗ್ಗೆ ಎಷ್ಟು ಅಂದ್ರಿ?"

"ನಲವತ್ನಾಕು."

"ಇಲ್ಲಿ ಐವತ್ತೇಳು ತೋರಸ್ತದ."

ಶಿವಪುತ್ರಪ್ಪನ ಮುಖದಲ್ಲಿ ಗಾಬರಿಗಿಂತ ಮೊದಲು ಬಂದದ್ದು ಸಿಟ್ಟು. "ನಿಮ್ಮ ಕಾಟಾ ತಪ್ಪೈತ್ರಿ."

"ಹೋದ ತಿಂಗಳ ತಪಾಸಣಿ ಆಗ್ಯದ ಕಾಕಾ."

"ತಪಾಸಣಿ ಮಾಡಾವ್ರನ್ನ ನಾ ಭಾಳ ಮಂದಿ ನೋಡೀನಿ. ತಡೀರಿ, ಈಗs ತೋರಸ್ತೀನಿ. ನಾ ಎಪ್ಪತ್ತೊಂದು ಅದೀನಿ. ನನ್ನ ಮ್ಯಾಲ ಕಾಟಾ ಪರೀಕ್ಷಾ ಮಾಡಬೇಕು, ಅಷ್ಟು ಪಕ್ಕಾ." ಚಪ್ಪಲಿ ಬಿಟ್ಟು ಹತ್ತಿ ನಿಂತ. ಅಂಕಿ ಓಡಿ ನಿಂತಿತು. ಐವತ್ತೆಂಟು.

"ನೋಡ್ರಿ! ಏನ್ ಹೇಳ್ದೆ? ಹದಿಮೂರು ಕಿಲೋ ಫರಕ್!" ಎಂದು ಗೆದ್ದವನ ಹಾಗೆ ಸುತ್ತ ನೋಡಿದ.

ಮೂಲೆಯಲ್ಲಿ ನಾಯಿ ಆಹಾರದ ಒಡೆಯದ ಚೀಲಗಳಿದ್ದವು, ಇಪ್ಪತ್ತು ಕಿಲೋದವು. ಅವಧೂತ ಒಂದನ್ನು ಎತ್ತಿ ತಂದು, ಶಿವಪುತ್ರಪ್ಪನ ತೋಳು ಹಿಡಿದು ಮೆಲ್ಲನೆ ಕೆಳಗಿಳಿಸಿ, ಕಾಟಾದ ಮೇಲೆ ಚೀಲ ಇಟ್ಟ. ಇಪ್ಪತ್ತು. ಚೀಲದ ತೂಕ ಸೇರಿ ನೂರು ಗ್ರಾಂ ಹೆಚ್ಚು.

ಲೆಕ್ಕ ಬಲ್ಲವನಿಗೆ ಮುಂದಿನದನ್ನು ಯಾರೂ ಹೇಳಬೇಕಿರಲಿಲ್ಲ. ಐವತ್ತೇಳೂ ಐವತ್ತೆಂಟೂ ಸೇರಿ ನೂರಾ ಹದಿನೈದು. ಬೆಳಿಗ್ಗೆ ತನ್ನ ಕಾಟಾ ತೋರಿಸಿದ ನೂರಾ ಹದಿನೈದು. ಕಾಟಾ ಸುಳ್ಳು ಹೇಳಿರಲಿಲ್ಲ. ನಾಯಿಯ ಮೈಯಲ್ಲಿ ಕಾಣದೆ ಹೋದ ಹದಿಮೂರು ಕಿಲೋ ಅವನ ಮೈಯಿಂದ ಇಳಿದುಹೋಗಿತ್ತು. ಶಿವಪುತ್ರಪ್ಪ ಬೆಲ್ಟಿನ ಮೇಲೆ ಕೈಯಿಟ್ಟು, ಎರಡು ಹೊಸ ತೂತುಗಳ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತ.

ಕಾಶವ್ವ ಗೋಡೆಗುಂಟ ಇದ್ದ ಬೆಂಚಿನ ಮೇಲೆ ಕೂತಳು. "ನಾ ಹೇಳಿದ್ದೆ," ಎಂದಳು. ಬಯ್ಯುವ ದನಿಯಾಗಿರಲಿಲ್ಲ ಅದು. "ನಾ ಹೇಳಿದ್ದೆನಲ್ರಿ."

ಶರ್ವರಿ ಸರದಾರನ ಕಾಲುಗಳ ಎಕ್ಸ್‌ರೇ ತೆಗೆಸಿದಳು. ಬೆಳಕಿಗೆ ಹಿಡಿದು ತೋರಿಸುವಾಗ ಅವಳ ದನಿಯೂ ತಗ್ಗಿತ್ತು. "ಆಹಾರ ಏರಸಿದಾಕಿ ನಾನು ಕಾಕಾ. ಅಂಕಿ ನೋಡಿ ಏರಸಿದೆ. ಫೋಟೋ ಬ್ಯಾರೆ ಹೇಳ್ಲಿಕತ್ತಿತ್ತು. ನಾ ಜೋರು ಮಾಡಿ ಕರಸಬೇಕಾಗಿತ್ತು."

"ಅಂಕಿ ಕೊಟ್ಟಾಂವ ನಾನು," ಎಂದ ಶಿವಪುತ್ರಪ್ಪ. "ಈಗ ಏನ್ರಿ? ನೆಟ್ಟಗ ಆಗತಾವೇನು?"

"ಎಡಗಾಲು ಸ್ವಲ್ಪ ಸುಧಾರಿಸಬಹುದು. ಬಲಗಾಲಿಂದು ಆಶಾ ಇಟ್ಕೋಬ್ಯಾಡ್ರಿ. ಎಲುಬಿನ ಬೆಳೆಯೋ ಜಾಗಾಕ್ಕs ಪೆಟ್ಟು ಬಿದ್ದದ. ತೂಕ ಇಳಸಬೇಕು, ಅದೂ ನಿಧಾನಕ್ಕ. ಓಡಸೂದು ಬ್ಯಾಡ, ಜಿಗಿಯೂದು ಬ್ಯಾಡ. ಎದ್ದು ಎರಡು ಕಾಲ ಮ್ಯಾಲೆ ನಿಲ್ಲೂದಂತೂ ಬ್ಯಾಡವೇ ಬ್ಯಾಡ." ಅವನ ಬೆಲ್ಟಿನ ಕಡೆ ನೋಡಿ, "ನೀವು ಇವತ್ತs ನಿಮ್ಮ ರಕ್ತ ತೋರಸ್ರಿ ಕಾಕಾ," ಎಂದಳು.

ಶಿವಪುತ್ರಪ್ಪನ ರಕ್ತದಲ್ಲಿ ಸಕ್ಕರೆ ನಾನೂರಾ ಎಂಬತ್ತು. ದವಾಖಾನೆಯ ಡಾಕ್ಟರು ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಇವನು ಇಲ್ಲ ಎಂದ. ಇದ್ದಿರಬೇಕು, ಕಳೆದ ನಾಲ್ಕು ತಿಂಗಳಲ್ಲಿ ಎದ್ದು ಕೂತಿದೆ ಎಂದರು. ಕಣ್ಣಿಗೆ ದೀಪ ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಇಣುಕಿತ್ತು. ಜನವರಿಯಲ್ಲಿ ಬಂದಿದ್ದರೆ ಕಣ್ಣು ಉಳಿಯುತ್ತಿತ್ತೇನೋ, ಎಂದರು.

ಆಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಎರಡು ಅಳತೆಗಳು ನಡೆದವು. ಬೋಗುಣಿಯ ಅಳತೆ, ತಟ್ಟೆಯ ಅಳತೆ. ಕಾಶವ್ವ ಇಬ್ಬರಿಗೂ ಎಣಿಸಿ ಹಾಕುವಳು. ಮೊದಲೆಲ್ಲ ರೊಟ್ಟಿಯ ಬುಟ್ಟಿ ನಡುವೆ ಇಟ್ಟುಕೊಂಡು, ಸಾಕು ಎಂದವರ ತಟ್ಟೆಗೂ ಇನ್ನೊಂದು ಹಾಕದೆ ಬಿಟ್ಟವಳಲ್ಲ. ಈಗ ಬುಟ್ಟಿ ಮುಚ್ಚಿ ಗೋಡೆಯ ಮಾಡದೊಳಗೆ ಇಟ್ಟಳು. ಸರದಾರ ಖಾಲಿ ಬೋಗುಣಿ ನೆಕ್ಕಿ ನೆಕ್ಕಿ ಗೋಡೆಯ ತನಕ ನೂಕಿಕೊಂಡು ಹೋಗುವ ಸದ್ದಿಗೆ ಅವಳು ಹೊರಗೆ ಹೋಗಿ ನಿಲ್ಲುತ್ತಿದ್ದಳು.

"ಹಸದ ಬಂದಿತ್ತು ಇದು ನಮ್ಮ ಮನಿಗೆ. ಈಗ ನಾವs ಹಸಸಾಕತ್ತೀವಿ."

"ಹಸಸೂದಲ್ಲ. ಕಾಲಿನ ಮ್ಯಾಲಿನ ಭಾರ ಇಳಸೂದು."

"ಹೆಸರು ಏನರ ಇಡ್ರಿ. ಅದು ನನ್ನ ಮಾರಿ ನೋಡ್ತೈತಿ."

ಶಿವಪುತ್ರಪ್ಪ ದಿನಾ ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಕಾಟಾಕ್ಕೆ ಹೋಗುತ್ತಿದ್ದ. ಮಳೆಗಾಲದ ಹೊತ್ತಿಗೆ ಕಾಟಾದ ಪರದೆಯ ಮೇಲಿನ ಕೆಂಪು ಅಂಕಿಗಳು ಅವನಿಗೆ ಒಂದಕ್ಕೊಂದು ಅಂಟಿಕೊಂಡು ಕಂಡವು. ಮೂರು, ಎಂಟು, ಆರು ಎಲ್ಲ ಒಂದೇ ಉಂಡೆ. ಮುಖವನ್ನು ಪರದೆಗೆ ತಾಗಿಸುವಷ್ಟು ಬಾಗಿ ಓದುತ್ತಿದ್ದ. ಅದೂ ಆಗದಾದಾಗ ಡ್ರೈವರುಗಳೇ ಇಳಿದು ಬಂದು ಓದಿ ಹೇಳಿದರು. ತಮ್ಮ ಗಾಡಿಯ ತೂಕ ತಾವೇ ಓದುವುದೆಂದರೆ ಎಷ್ಟು ಸಲೀಸು! ಆದರೂ ಒಬ್ಬನೂ ಅವನಿಗೆ ಸುಳ್ಳು ಹೇಳಲಿಲ್ಲ ಎಂದು ಅವಧೂತ ಎಲ್ಲರಿಗೂ ಹೇಳುತ್ತಾನೆ. ನಿಜವಿರಬಹುದು. ಆದರೆ ಮಾಲೀಕರು ದೀಪಾವಳಿಯ ನಂತರ ಬೇರೆಯವರನ್ನು ಕೂಡಿಸುವುದಾಗಿ ಮೆತ್ತಗೆ ತಿಳಿಸಿದ್ದರು.

ಸರದಾರನನ್ನು ತೂಗುವ ರೀತಿಯೂ ಬದಲಾಗಿತ್ತು. ಸಣ್ಣ ಕಾಟಾದ ಮೇಲೆ ಅವಧೂತ ಅಗಲದ ಪ್ಲೈವುಡ್ ಹಲಗೆ ಹಾಸಿದ, ಅದರ ಮೇಲೆ ಹಳೇ ಗೋಣಿ. ಹಲಗೆಯ ತೂಕ ಕಳೆದು ಸೊನ್ನೆ ಮಾಡಿದರೆ ಆಯಿತು, ನಾಯಿ ಒಂದೇ ನಿಲ್ಲಬಹುದು. ಇಷ್ಟೇ ಕೆಲಸ. ಮೊದಲ ದಿನವೇ ಮಾಡಬಹುದಿತ್ತು. ಅದನ್ನು ನೋಡುವಾಗಲೆಲ್ಲ ಶಿವಪುತ್ರಪ್ಪ ಬೇರೆ ಕಡೆ ತಿರುಗುತ್ತಿದ್ದ. ಸರದಾರನಿಗೆ ಮಾತ್ರ ಹಲಗೆ ಅರ್ಥವಾಗಲಿಲ್ಲ. ರವಿವಾರ ಬಂದರೆ ಅದು ಅವನ ಎದುರು ನಿಂತು ಬಾಗಿದ ಮುಂಗಾಲನ್ನು ಎತ್ತುತ್ತಿತ್ತು. ಅವನು ಎರಡೂ ಕೈಯಲ್ಲಿ ಆ ಕಾಲು ಹಿಡಿದು ಕೆಳಗಿಡುತ್ತಿದ್ದ. ಮತ್ತೆ ಎತ್ತುತ್ತಿತ್ತು. ಮತ್ತೆ ಕೆಳಗಿಡುತ್ತಿದ್ದ.

ಖಂಡೇನವಮಿ ಬಂತು. ಕಾಟಾ ತೊಳೆದರು. ಕುಂಕುಮ ಹಚ್ಚಿದ್ದು ಕಾಶವ್ವ. ಅವನ ಬೆರಳು ಜಾಗ ತಪ್ಪುತ್ತಿತ್ತು. ಮೊದಲು ಸರದಾರ ಹಲಗೆಯ ಮೇಲೆ ನಿಂತಿತು. ಬಲ ಮುಂಗಾಲು ಕುಡಗೋಲಿನ ಹಾಗೆ ಹೊರಕ್ಕೆ ಬಾಗಿತ್ತು.

"ಐವತ್ನಾಕು ಕಾಕಾ," ಎಂದು ಅವಧೂತ ಓದಿದ. "ಡಾಕ್ಟರ್ ಹೇಳಿದ್ದು ಐವತ್ನಾಕs ಅಲ್ಲ? ಮುಟ್ಟಿಬಿಟ್ಟ ನಮ್ಮ ಸರದಾರ!"

ಹೌದು, ಐವತ್ನಾಲ್ಕೇ. ಎಲುಬು ಕಾಣದ, ಕೊಬ್ಬೂ ಕಾಣದ, ಆ ಮೈಕಟ್ಟಿಗೆ ಒಪ್ಪುವ ತೂಕ. ಸರದಾರ ಹಲಗೆಯಿಂದ ಇಳಿದು ಮೂರು ಹೆಜ್ಜೆ ಕುಂಟಿ ನಡೆದು ನಿಂತಿತು.

ಶಿವಪುತ್ರಪ್ಪ ಚಪ್ಪಲಿ ಬಿಟ್ಟು ಹತ್ತಿದ. ಅವಧೂತ ಪರದೆ ನೋಡಿದವನು ಒಮ್ಮೆಲೇ ಕೂಗಿದ. "ಕಾಕಾ! ಎಪ್ಪತ್ತೊಂದು! ನಿಮ್ಮಾಣೆ, ಎಪ್ಪತ್ತೊಂದು!"

ಕಾಶವ್ವ ಕುಂಕುಮದ ಬಟ್ಟಲು ಹಿಡಿದವಳು ಓಡಿ ಬಂದಳು. ಬಂದವಳು ಕೆಳಗೆ ನೋಡಿ ನಿಂತುಬಿಟ್ಟಳು.

ಶಿವಪುತ್ರಪ್ಪನಿಗೆ ಪರದೆ ಕಾಣುತ್ತಿರಲಿಲ್ಲ. ಆದರೆ ಪಾದದ ಮೇಲೆ ಬೆಚ್ಚಗೆ ಏನೋ ಕೂತದ್ದು ತಿಳಿಯುತ್ತಿತ್ತು. ಹಲಗೆಯ ಅಂಚಿಗೆ ಎದೆ ಚಾಚಿ, ಸರದಾರ ತನ್ನ ಬಾಗಿದ ಮುಂಗಾಲನ್ನು ಅವನ ಪಾದದ ಮೇಲೆ ಊರಿ ಒರಗಿತ್ತು.

"ಅದು ನಂದಲ್ಲ," ಎಂದ.

ಬಾಗಿ, ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಕೆಳಗೆ ನೆಲಕ್ಕಿಟ್ಟ. ನೆಟ್ಟಗಾಗಿ ನಿಂತ.

"ಈಗ ಓದು."

ಅವಧೂತ ಪರದೆಯ ಹತ್ತಿರ ಬಾಗಿದ.

"ಐವತ್ತೊಂಬತ್ತು."

"ಬರದಿಡು," ಎಂದ ಶಿವಪುತ್ರಪ್ಪ.